ಸಿಡಿಲು ಹೊಡೆದ ದರ್ಜಿ, ಕನ್ನಡ ಮಾತಾಡಿದ ಸೂಪರ್‌ಹೀರೋ



ಇವತ್ತು ರಾಜಕೀಯ ಇಲ್ಲ. ಯಾವ ನಾಯಕರೂ ಯಾರ ಮೇಲೂ ಕಿಡಿ ಕಾರಿಲ್ಲ ಅಂತಲ್ಲ. ಕಾರಿದ್ದಾರೆ. ಅದೆಲ್ಲ ರಾತ್ರಿ ಬುಲೆಟಿನ್‌ನಲ್ಲಿ ಬರುತ್ತೆ, ನಾಳೆ ಬೆಳಿಗ್ಗೆ ಮತ್ತೆ ಬರುತ್ತೆ. ಈ ಹತ್ತು ನಿಮಿಷ ನಾನು ಸೂಪರ್‌ಹೀರೋ ಸಿನಿಮಾಗಳ ಬಗ್ಗೆ ಮಾತಾಡ್ತೀನಿ. ನಗಬೇಡಿ. ವಿಷಯ ಮಕ್ಕಳದ್ದು ಅನಿಸಿದ್ರೂ ಕೊನೆಗೆ ಅದು ನಮ್ಮ ಭಾಷೆಗೆ, ನಮ್ಮ ಊರುಗಳಿಗೆ ಬಂದು ನಿಲ್ಲುತ್ತೆ.

ಇಷ್ಟ ಆಗಲ್ಲ ಅಂತ ಮೊದಲೇ ತೀರ್ಮಾನ ಮಾಡ್ಕೊಂಡು ಕೂತ ಸಿನಿಮಾ, ಮುಗಿಯೋ ಹೊತ್ತಿಗೆ ಮನಸ್ಸಿಗೆ ಹತ್ತಿರ ಆಗಿಬಿಡುತ್ತಲ್ಲ, ಅದು ಯಾಕೆ? ನಿಮಗೂ ಆಗಿರುತ್ತೆ. ಮಗನ ಕಾಟಕ್ಕೆ ಥಿಯೇಟರ್‌ಗೆ ಹೋಗಿರ್ತೀರಿ. ಮೊದಲರ್ಧದಲ್ಲಿ ಮೊಬೈಲ್ ನೋಡ್ತಿರ್ತೀರಿ. ಎರಡನೇ ಅರ್ಧದಲ್ಲಿ ಮಗನಿಗಿಂತ ನೀವೇ ಸೀಟಿನ ತುದಿಗೆ ಬಂದಿರ್ತೀರಿ.

ಸೂಪರ್‌ಹೀರೋ ಸಿನಿಮಾಗಳ ಮೇಲೆ ನನಗೆ ಮೂರು ತಕರಾರು. ಈಗಲೂ ಇವೆ, ವಾಪಸ್ ತಗೊಳ್ತಿಲ್ಲ. ಒಂದು, ಗದ್ದಲ. ಕಡೆಯ ಅರ್ಧ ಗಂಟೆ ಕಟ್ಟಡಗಳು ಬೀಳ್ತಾನೇ ಇರ್ತವೆ, ಕಟ್ಟಡದ ಒಳಗಿದ್ದವರ ಲೆಕ್ಕ ಕೇಳೋರಿಲ್ಲ. ಎರಡು, ಜಗತ್ತಿಗೆ ಬರೋ ಎಲ್ಲ ಆಪತ್ತೂ ಅಮೆರಿಕದ ನಾಲ್ಕು ಬೀದಿಗಳಲ್ಲೇ ಬರುತ್ತೆ. ಅನ್ಯಗ್ರಹದವರಿಗೂ ನ್ಯೂಯಾರ್ಕ್ ಒಂದೇ ಗೊತ್ತು. ಮೂರು, ವಿಜ್ಞಾನ. ನಾನು ಇಂಜಿನಿಯರಿಂಗ್ ಓದಿದವನು. ಕೆಲಸ ಬೇರೆ ಹಿಡಿದ್ರೂ ಮೆಕ್ಯಾನಿಕ್ಸ್ ಪೇಪರ್ ತಲೆಯಿಂದ ಹೋಗಿಲ್ಲ.

ಈ ಮೂರನೇ ತಕರಾರನ್ನೇ ಮೊದಲು ತಗೊಳ್ಳೋಣ. ಸೂಪರ್‌ಹೀರೋ ಸಿನಿಮಾ ಅಂದ್ರೆ ಒಂದು ದೃಶ್ಯ ಇದ್ದೇ ಇರುತ್ತೆ. ಎತ್ತರದ ಕಟ್ಟಡದಿಂದ ಹುಡುಗಿ ಬೀಳ್ತಾಳೆ, ನೆಲ ಮುಟ್ಟೋಕೆ ಮುಂಚೆ ನಾಯಕ ಬಂದು ಹಿಡೀತಾನೆ. ಈಗ ಲೆಕ್ಕ ಹಾಕಿ. ನೂರು ಮೀಟರ್ ಎತ್ತರದಿಂದ ಬಿದ್ದವರ ವೇಗ, ಗಾಳಿಯ ತಡೆ ಬಿಟ್ಟರೆ, ನೆಲದ ಹತ್ತಿರ ಗಂಟೆಗೆ ಸುಮಾರು 160 ಕಿಲೋಮೀಟರ್. ಅಷ್ಟು ವೇಗದಲ್ಲಿ ಬರ್ತಿರೋ 60 ಕೆಜಿ ತೂಕದ ಹುಡುಗಿಯನ್ನ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಲ್ಲಿಸಿದ್ರೆ, ಅವಳ ಮೈಮೇಲೆ ಎರಡೂವರೆ ಟನ್ನಿಗಿಂತ ಹೆಚ್ಚು ಭಾರ ಹಾಕಿದ ಹಾಗೆ. ನೆಲಕ್ಕೆ ಬಿದ್ದರೂ ಒಂದೇ, ನಾಯಕನ ಕೈಗೆ ಬಿದ್ದರೂ ಒಂದೇ. ನೀರು ಸೇದಿದವರಿಗೆ ಇದು ಗೊತ್ತು. ತುಂಬಿದ ಕೊಡ ಕೈಜಾರಿ ಬಾವಿಗೆ ಬೀಳ್ತಿದ್ರೆ ಹಗ್ಗವನ್ನ ಗಕ್ಕನೆ ಹಿಡಿಯಬಾರದು. ಹಿಡಿದ್ರೆ ಅಂಗೈ ಸುಲಿಯುತ್ತೆ, ಇಲ್ಲ ಹಗ್ಗ ಹರಿಯುತ್ತೆ. ಜಾರಲು ಬಿಡ್ತಾ ಬಿಡ್ತಾ ಹಿಡೀಬೇಕು.

ಇದು ಆ ಕತೆ ಬರೆಯೋರಿಗೆ ಗೊತ್ತಿಲ್ಲ ಅಂತ ನಾವು ಅಂದ್ಕೋತೀವಿ. ಗೊತ್ತಿದೆ! 1973ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಕಾಮಿಕ್ಸ್‌ನ ಒಂದು ಸಂಚಿಕೆಯಲ್ಲಿ ಖಳನಾಯಕ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನ ಸೇತುವೆ ಮೇಲಿಂದ ತಳ್ಳಿಬಿಡ್ತಾನೆ. ಸ್ಪೈಡರ್‌ಮ್ಯಾನ್ ಬಲೆ ಎಸೆದು ಹಿಡೀತಾನೆ. ಗೆದ್ದೆ ಅಂತ ಮೇಲಕ್ಕೆ ಎಳ್ಕೋತಾನೆ. ಅವಳು ಸತ್ತಿರ್ತಾಳೆ. ಬಲೆ ಗಕ್ಕನೆ ನಿಲ್ಲಿಸಿದ ರಭಸಕ್ಕೇ ಕುತ್ತಿಗೆ ಮುರಿಯಿತು ಅಂತ ಆಮೇಲೆ ಓದುಗರ ಪತ್ರದ ಪುಟದಲ್ಲಿ ಪ್ರಕಾಶಕರೇ ಹೇಳಿದ್ರು. ಅಂದ್ರೆ ಉಳಿಸೋಕೆ ಚಾಚಿದ ಕೈಯೇ ಕೊಂದಿತು. ನಾನು ತಕರಾರು ತೆಗೆದ ಭೌತಶಾಸ್ತ್ರವನ್ನೇ ಅವರು ದುಃಖ ಮಾಡಿಟ್ಟಿದ್ರು. ಐವತ್ತು ವರ್ಷದಿಂದ ಓದುಗರು ಆ ಸಂಚಿಕೆ ಮರೆತಿಲ್ಲ. ಅವನು ಗೋಡೆ ಹತ್ತಿದ್ದು ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ, ಉಳಿಸಲಾಗದೇ ಹೋಗಿದ್ದು ಎಲ್ಲರಿಗೂ ನೆನಪಿದೆ.

ಹಾಗಾದ್ರೆ ಮೊದಲ ಉತ್ತರ ಸಿಕ್ತು. ಶಕ್ತಿ ತೋರಿಸೋ ಸಿನಿಮಾ ನಮ್ಮನ್ನ ಹಿಡಿಯಲ್ಲ. ಆ ಶಕ್ತಿ ಎಲ್ಲಿ ಸಾಲದು ಅಂತ ತೋರಿಸಿದಾಗ ಹಿಡಿಯುತ್ತೆ. ಎರಡನೇ ಉತ್ತರಕ್ಕೆ ನಾವು ಮದಲೂರಿಗೆ ಹೋಗೋಣ.

ಮದಲೂರು ಅಂದ ತಕ್ಷಣ ಸುದ್ದಿ ನೋಡೋರಿಗೆ ಕೆರೆ ನೆನಪಾಗುತ್ತೆ. ತುಮಕೂರು ಜಿಲ್ಲೆ, ಶಿರಾ ತಾಲೂಕು. 2020ರ ಶಿರಾ ಉಪಚುನಾವಣೆಯಲ್ಲಿ ಎಲ್ಲ ಪಕ್ಷಗಳ ಬಾಯಲ್ಲೂ ಮದಲೂರು ಕೆರೆಯೇ. ಹೇಮಾವತಿ ನೀರು ತರ್ತೀವಿ ಅಂತ ಎಲ್ಲರೂ ಹೇಳಿದವರೇ. ನಮ್ಮ ಸೀಮೆಯಲ್ಲಿ ಸೂಪರ್‌ಹೀರೋ ಅಂದ್ರೆ ಹಾರೋನಲ್ಲ, ನೀರು ತರೋನು. ಚುನಾವಣೆ ಬಂದಾಗೆಲ್ಲ ಒಬ್ಬೊಬ್ಬ ಸೂಪರ್‌ಹೀರೋ ಇಳೀತಾನೆ. ಹೆಲಿಕಾಪ್ಟರ್‌ನಲ್ಲಿ ಬರೋದರಿಂದ ಹಾರೋದು ಕೂಡ ನಿಜವೇ. ಹೀಗೆ ಮೇಲಿಂದ ಇಳಿದವರನ್ನ ನೋಡಿ ನೋಡಿ ಸಾಕಾಗಿರೋ ಊರಲ್ಲಿ, ಇನ್ನೊಬ್ಬ ಹಾರೋ ಮನುಷ್ಯನ ಸಿನಿಮಾ ತೋರಿಸೋದು ಸುಲಭ ಅಲ್ಲ.

ಅಲ್ಲಿ, ನಮ್ಮ ಮನೆ ಟೀವಿಯಲ್ಲಿ, ಒಂದು ಸಿನಿಮಾ ಹಾಕಿದ್ವಿ. 2021ರ ಕ್ರಿಸ್ಮಸ್ ಹೊತ್ತಿಗೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಮಲಯಾಳಂನ 'ಮಿನ್ನಲ್ ಮುರಳಿ'. ಕನ್ನಡದಲ್ಲಿ 'ಮಿಂಚು ಮುರಳಿ'. ಬೇಸಿಲ್ ಜೋಸೆಫ್ ನಿರ್ದೇಶನ, ಟೊವಿನೊ ಥಾಮಸ್ ನಾಯಕ. ಕುರುಕ್ಕನ್‌ಮೂಲ ಅನ್ನೋ ಕಾಲ್ಪನಿಕ ಹಳ್ಳಿ. ಜೈಸನ್ ಅನ್ನೋ ದರ್ಜಿ ಹುಡುಗನಿಗೆ ಸಿಡಿಲು ಬಡಿದು ಶಕ್ತಿ ಬರುತ್ತೆ.

ನಮ್ಮಪ್ಪ ಶುರುವಿನಲ್ಲೇ ಬ್ರೇಕ್ ಹಾಕಿದ್ರು. "ಅಲ್ಲ ಕಣ್ಲಾ, ಸಿಡ್ಲು ಹೊಡುದ್ರೆ ಕುರಿ ಮಂದೆ ಮಂದೇನೇ ಸಾಯ್ತವೆ. ಇವ್ನಿಗೆ ಸಕ್ತಿ ಬತ್ತದಂತಾ?" ನನ್ನ ಮೆಕ್ಯಾನಿಕ್ಸ್ ತಕರಾರಿಗಿಂತ ಇದು ಗಟ್ಟಿ. ಕುರಿ ಸಾಕೋ ಸೀಮೆಯಲ್ಲಿ ಸಿಡಿಲು ಅಂದ್ರೆ ಏನು ಅಂತ ಗೊತ್ತಿರೋ ಮಾತು ಅದು. ಆದ್ರೂ ಅವರು ಎದ್ದು ಹೋಗಲಿಲ್ಲ. ಯಾಕೆ ಅಂದ್ರೆ ಆ ದರ್ಜಿ ಅಂಗಡಿ ಅವರಿಗೆ ಗೊತ್ತಿರೋ ಅಂಗಡಿ. ಆ ಚಹಾ ಅಂಗಡಿ ಗೊತ್ತಿರೋದು. ಊರು ಬಿಟ್ಟು ಅಮೆರಿಕಕ್ಕೆ ಹೋಗಿಬಿಡಬೇಕು ಅಂತ ಕಾಯ್ತಿರೋ ಜೈಸನ್ ಅಂತೂ ತೀರಾ ಗೊತ್ತಿರೋ ಹುಡುಗ. ನಮ್ಮ ಕಡೆ ಅವನಿಗೆ ಅಮೆರಿಕ ಬದಲು ಬೆಂಗಳೂರು, ಅಷ್ಟೇ ವ್ಯತ್ಯಾಸ.

ಆ ಸಿನಿಮಾದಲ್ಲಿ ಅದೇ ರಾತ್ರಿ ಇನ್ನೊಬ್ಬನಿಗೂ ಸಿಡಿಲು ಬಡಿಯುತ್ತೆ. ಶಿಬು. ಚಹಾ ಅಂಗಡಿಯಲ್ಲಿ ಕೆಲಸ ಮಾಡೋನು. ಗುರು ಸೋಮಸುಂದರಂ ಮಾಡಿರೋ ಪಾತ್ರ. ಊರು ಅವನನ್ನ ಮನುಷ್ಯ ಅಂತ ಲೆಕ್ಕಕ್ಕೇ ಇಟ್ಟಿಲ್ಲ. ವರ್ಷಗಟ್ಟಲೆ ಒಬ್ಬಳನ್ನ ಮನಸ್ಸಿನಲ್ಲೇ ಇಟ್ಕೊಂಡಿದ್ದಾನೆ. ಒಂದೇ ಸಿಡಿಲು, ಒಂದೇ ಶಕ್ತಿ, ಇಬ್ಬರು ಒಂಟಿ ಜೀವಗಳು. ಒಬ್ಬ ನಾಯಕ ಆಗ್ತಾನೆ, ಇನ್ನೊಬ್ಬ ಖಳನಾಯಕ ಆಗ್ತಾನೆ. ಯಾವುದು ಬೇರೆ ಮಾಡಿತು? ಊರು. ಒಬ್ಬನ ಹಿಂದೆ ಮನೆ ಅಂತ ಒಂದಿತ್ತು, ಸೂಪರ್‌ಮ್ಯಾನ್ ಕತೆ ಹೇಳಿಕೊಡೋ ಪುಟ್ಟ ಅಳಿಯ ಇದ್ದ. ಇನ್ನೊಬ್ಬನಿಗೆ ಯಾರೂ ಇರಲಿಲ್ಲ. ಮುಂದೇನಾಗುತ್ತೆ ಅಂತ ನಾನು ಹೇಳಲ್ಲ, ನೋಡಿಲ್ಲದೋರು ನೋಡಿ. ನಮ್ಮಮ್ಮ ಮಾತ್ರ ಸಿನಿಮಾ ಮುಗಿದ ಮೇಲೂ ನಾಯಕನ ಹೆಸರು ಎತ್ತಲಿಲ್ಲ. "ಪಾಪ, ಆ ಚಾ ಅಂಗ್ಡಿ ಹುಡ್ಗುನ್ಗೆ ಯಾರಾನಾ ಒಂದ್ ಹೊತ್ತು ಕರ್ದು ಊಟಕ್ಕಿಕ್ಕಿದ್ರೆ ಇಂಗಾಗ್ತಿರ್ಲಿಲ್ಲ" ಅಂದ್ರು. ಇಡೀ ಸಿನಿಮಾಕ್ಕೆ ಇದಕ್ಕಿಂತ ಒಳ್ಳೆ ವಿಮರ್ಶೆ ನಾನು ಓದಿಲ್ಲ.

ಖಳನ ಮೇಲೆ ಈ ಮರುಕ ನಮಗೆ ಹೊಸದಾ? ಖಂಡಿತ ಅಲ್ಲ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇವತ್ತಿಗೂ 'ಕುರುಕ್ಷೇತ್ರ' ನಾಟಕ ಕಟ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸ್ತಾರೆ. ಪಾರ್ಟು ಬೇಕು ಅಂದ್ರೆ ಕಲಾವಿದನೇ ದುಡ್ಡು ಕೊಡಬೇಕು. ಯಾವ ಪಾರ್ಟಿಗೆ ಜಾಸ್ತಿ ದುಡ್ಡು ಗೊತ್ತಾ? ಕೃಷ್ಣನಿಗೆ, ಆಮೇಲೆ ದುರ್ಯೋಧನನಿಗೆ. ಧರ್ಮರಾಯ ಅಗ್ಗ! ಹೊಲ ಉಳೋ ಮನುಷ್ಯ ಕೈಯಿಂದ ದುಡ್ಡು ಹಾಕಿ ದುರ್ಯೋಧನ ಆಗ್ತಾನೆ, ಕಿರೀಟ ಭುಜಕೀರ್ತಿ ಇಟ್ಕೊಂಡು ಬೆಳಗಿನ ಜಾವದವರೆಗೂ ಹಾಡಿ, ತೊಡೆ ಮುರಿಸಿಕೊಂಡು ಬೀಳ್ತಾನೆ. ಜನ ಕಣ್ಣೀರು ಹಾಕ್ತಾರೆ. ಇದೇ ಜಿಲ್ಲೆಯ ಗುಬ್ಬಿ ವೀರಣ್ಣನವರ ಕಂಪನಿ 'ಕುರುಕ್ಷೇತ್ರ' ಆಡಿದಾಗ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿತ್ತು. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ದೊಡ್ಡ ಬಜೆಟ್, ಭಾರಿ ಸ್ಪೆಷಲ್ ಎಫೆಕ್ಟ್. ಅಂದ್ರೆ ಬಣ್ಣದ ಬಟ್ಟೆ ತೊಟ್ಟು, ಮನುಷ್ಯನಿಗೆ ಮೀರಿದ ಬಲ ಇರೋರು ಹೊಡೆದಾಡೋ ಕತೆಯನ್ನ ರಾತ್ರಿಯಿಡೀ ಕೂತು ನೋಡೋದು ನಮ್ಮ ಜನಕ್ಕೆ ಅಭ್ಯಾಸ ಇತ್ತು.

ಹಾಗಿದ್ರೆ ಈ ಸಿನಿಮಾಗಳು ಇಷ್ಟು ದಿನ ನಮಗೆ ದೂರ ಅನಿಸಿದ್ದು ಯಾಕೆ? ಅವು ಅಮೆರಿಕದವು ಅಂತಲಾ? ಅಮೆರಿಕದ ಕತೆಯನ್ನೇ ನೋಡಿ. 1938ರಲ್ಲಿ ಸೂಪರ್‌ಮ್ಯಾನ್‌ನ ಲೋಕಕ್ಕೆ ತಂದವರು ಜೆರ‍್ರಿ ಸೀಗಲ್, ಜೋ ಶುಸ್ಟರ್. ಇಬ್ಬರೂ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಹುಡುಗರು. ಅವರು ಕಟ್ಟಿದ ನಾಯಕ ಯಾರು? ತನ್ನ ನೆಲ ನಾಶ ಆಗಿ ಬೇರೆಲ್ಲಿಗೋ ಬಂದು ಬಿದ್ದ ಮಗು. ಆ ಮಗುವನ್ನ ಸಾಕಿದ್ದು ಕಾನ್ಸಾಸ್ ಸೀಮೆಯ ರೈತ ದಂಪತಿ. ದೊಡ್ಡವನಾದ ಮೇಲೆ ಪಟ್ಟಣಕ್ಕೆ ಹೋಗಿ ಕೆಲಸಕ್ಕೆ ಸೇರ್ತಾನೆ. ಅಲ್ಲಿ ಒಂದು ಹೆಸರು, ಊರಲ್ಲಿ ಒಂದು ಗುಟ್ಟು. ಶಿರಾದಿಂದ ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ಆಫೀಸಿನಲ್ಲಿ ಒಂದು ಭಾಷೆ, ಮನೆಗೆ ಫೋನ್ ಮಾಡುವಾಗ ಇನ್ನೊಂದು ಭಾಷೆ ಮಾತಾಡೋ ಹುಡುಗನಿಗೆ ಇದನ್ನ ಬಿಡಿಸಿ ಹೇಳಬೇಕಾ? ಇನ್ನೂ ಒಂದು ತಮಾಷೆ ಇದೆ. ಆ ಸೂಪರ್‌ಮ್ಯಾನ್ ಪಟ್ಟಣದಲ್ಲಿ ಮಾಡೋ ಕೆಲಸ ಪತ್ರಕರ್ತನದ್ದು. ಅವನು ಶಕ್ತಿಯನ್ನ ಕೋಟಿನ ಒಳಗೆ ಬಚ್ಚಿಡ್ತಾನೆ. ನಮ್ಮ ಸ್ಟುಡಿಯೋಗಳಲ್ಲಿ ಕೋಟು ಹಾಕಿದ ತಕ್ಷಣವೇ ಶಕ್ತಿ ಬಂತು ಅಂದ್ಕೋತೀವಿ. ಅಷ್ಟೇ ವ್ಯತ್ಯಾಸ.

ಕತೆಯಲ್ಲಿ ದೂರ ಇರಲಿಲ್ಲ ವೀಕ್ಷಕರೇ. ದೂರ ಇದ್ದದ್ದು ಭಾಷೆಯಲ್ಲಿ.

ಸ್ವಲ್ಪ ಇತಿಹಾಸ ಹೇಳ್ತೀನಿ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಅವರಂಥವರು ಡಬ್ಬಿಂಗ್ ವಿರುದ್ಧ ನಿಂತ್ರು. ಕಾರಣ ಇತ್ತು. ಆಗ ಕನ್ನಡದಲ್ಲಿ ತಯಾರಾಗ್ತಿದ್ದ ಚಿತ್ರಗಳು ಕಮ್ಮಿ, ಕನ್ನಡ ಚಿತ್ರಕ್ಕೆ ನಮ್ಮ ನೆಲದಲ್ಲೇ ಥಿಯೇಟರ್ ಸಿಗದ ಕಾಲ. ಬೇರೆ ಭಾಷೆಯ ಚಿತ್ರಕ್ಕೆ ಕನ್ನಡದ ದನಿ ಕೂಡಿಸಿ ಬಿಟ್ಟರೆ ನಮ್ಮ ಕಲಾವಿದರು, ತಂತ್ರಜ್ಞರು ಬೀದಿಗೆ ಬರ್ತಾರೆ ಅನ್ನೋ ಭಯ. ಆ ಹೋರಾಟದಿಂದ ಕನ್ನಡ ಚಿತ್ರರಂಗ ಬೇರೂರಿತು ಅನ್ನೋದನ್ನ ತಳ್ಳಿಹಾಕೋಕಾಗಲ್ಲ. ಆದ್ರೆ ಗಿಡಕ್ಕೆ ಹಾಕಿದ ಬೇಲಿಯನ್ನ ಮರ ಆದ ಮೇಲೂ ತೆಗೀಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಕೆಲವು ಸಂಸ್ಥೆಗಳಿಗೆ ದಂಡ ಹಾಕಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಅನ್ನೋ ಡಬ್ಬಿಂಗ್ ಚಿತ್ರ ಥಿಯೇಟರ್‌ಗೆ ಬಂತು. ಆಮೇಲೆ ದಾರಿ ತೆರೀತು. 2022ರಲ್ಲಿ ಎರಡನೇ 'ಡಾಕ್ಟರ್ ಸ್ಟ್ರೇಂಜ್' ಕನ್ನಡದಲ್ಲಿ ಬಂತು. 2023ರಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಒಂದು.

ಈ ನಡುವಿನ ಅರ್ಧ ಶತಮಾನ ನಮ್ಮ ಮಕ್ಕಳು ಏನು ಮಾಡಿದ್ರು? ಸಿನಿಮಾ ನೋಡೋದನ್ನ ಬಿಟ್ಟರಾ? ಇಲ್ಲ, ಬೇರೆ ಭಾಷೆಯಲ್ಲಿ ನೋಡಿದ್ರು. ಶಿರಾದ ಪಕ್ಕಕ್ಕೇ ಆಂಧ್ರದ ಮಡಕಶಿರಾ. ಪಾವಗಡದಲ್ಲಿ ಎಷ್ಟೋ ಮನೆಗಳ ಮಾತೇ ತೆಲುಗು. ತೆಲುಗು ನಮಗೆ ಪರಕೀಯ ಅಲ್ಲ, ನೆಂಟರ ಭಾಷೆ. ಆದ್ರೆ ಒಂದು ವಿಷಯ ಗಮನಿಸಿ. ನಮ್ಮ ಅಕ್ಕನ ಮಗ, ಒಂಬತ್ತು ವರ್ಷದವನು, ಟವೆಲ್ಲನ್ನ ಬೆನ್ನಿಗೆ ಕಟ್ಕೊಂಡು ಕಟ್ಟೆಯಿಂದ ಹಾರುವಾಗ ಹಿಂದಿಯಲ್ಲೋ ತೆಲುಗಿನಲ್ಲೋ ಅಬ್ಬರಿಸ್ತಾನೆ. ಬಿದ್ದು ಮಂಡಿ ತರಚಿಕೊಂಡ್ರೆ ಮಾತ್ರ "ಉರೀತೈತೆ ಕಣವ್ವಾ" ಅಂತ ಕನ್ನಡಕ್ಕೆ ಇಳೀತಾನೆ. ಗೆಲ್ಲೋಕೆ ಒಂದು ಭಾಷೆ, ಅಳೋಕೆ ಇನ್ನೊಂದು ಭಾಷೆ. 'ಮಿಂಚು ಮುರಳಿ' ಹಾಕಿದಾಗ ಅವನು ಕೇಳಿದ ಮೊದಲ ಪ್ರಶ್ನೆ, "ಮಾಮಾ, ಇವ್ನು ಕನ್ನಡ ಮಾತಾಡ್ತಾನಾ?" ಆ ಪ್ರಶ್ನೆಯಲ್ಲಿ ಖುಷಿ ಇತ್ತು. ಖುಷಿಗಿಂತ ಅನುಮಾನ ಜಾಸ್ತಿ ಇತ್ತು. ಆ ಅನುಮಾನಕ್ಕೆ ಯಾವ ಆಯೋಗ ದಂಡ ಹಾಕಬೇಕು?

ಭಾಷೆಗೆ ಆಪತ್ತು ಅಂದ್ರೆ ನಾವು ಬೋರ್ಡು, ಬ್ಯಾಂಕು, ಪರೀಕ್ಷೆ ಅಂತೀವಿ. ಅವೆಲ್ಲ ಇರಲಿ, ಬೇಕು. ಆದ್ರೆ ಮಗು ಮೊದಲ ಸಲ ಬೆರಗಾಗೋದು ಯಾವ ಭಾಷೆಯಲ್ಲಿ ಅನ್ನೋದೂ ಸಣ್ಣ ವಿಷಯ ಅಲ್ಲ. ಬೆರಗಿನ ಭಾಷೆ ಬೇರೆ ಆದ ಮಗುವಿಗೆ ತನ್ನ ಭಾಷೆ ಬರೀ ರೇಷನ್ ಅಂಗಡಿಯ, ಬೈಗುಳದ, ಹೋಂವರ್ಕಿನ ಭಾಷೆಯಾಗಿ ಉಳಿದುಬಿಡುತ್ತೆ.

ಈಗ ಎರಡನೇ ಮಾತು. ಡಬ್ಬಿಂಗ್ ಬಂದ್ರೆ ಮುಗೀತಾ? ಇಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಮಲಯಾಳಂ ಸಿನಿಮಾ 'ಲೋಕಃ' ನೆನಪಿದೆಯಲ್ಲ? ಡೊಮಿನಿಕ್ ಅರುಣ್ ನಿರ್ದೇಶನ. ಸೂಪರ್‌ಹೀರೋ ಆಗಿ ಹೆಣ್ಣುಮಗಳು, ಕಲ್ಯಾಣಿ ಪ್ರಿಯದರ್ಶನ್. ಕತೆ ನಡೆಯೋದು ಎಲ್ಲಿ? ಬೆಂಗಳೂರಿನಲ್ಲಿ! ಅದರಲ್ಲಿದ್ದ ಒಂದು ಮಾತು ಬೆಂಗಳೂರಿನ ಹೆಣ್ಣುಮಕ್ಕಳನ್ನ ಕೀಳಾಗಿ ಕಾಣಿಸುತ್ತೆ ಅಂತ ಇಲ್ಲಿ ಸಿಟ್ಟೆದ್ದಿತು. ದುಲ್ಕರ್ ಸಲ್ಮಾನ್ ಅವರ ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ, ಆ ಮಾತನ್ನ ತೆಗೀತೀವಿ ಅಂತು. ಸಿಟ್ಟು ನ್ಯಾಯವಾದದ್ದು, ಕ್ಷಮೆ ಕೇಳಿದ್ದೂ ಸರಿ. ಅದೇ ಸಿಟ್ಟಿನಲ್ಲಿ ಸಿನಿಮಾ ನೋಡೋಕೆ ಕೂತವರೂ ಕಡೆಗೆ ಒಪ್ಪಿದ್ದೇನು? ಸಿನಿಮಾ ಚೆನ್ನಾಗಿದೆ ಅಂತ. ಎರಡೂ ಒಟ್ಟಿಗೆ ನಿಜ ಆಗಬಹುದು. ತಪ್ಪನ್ನ ತಪ್ಪು ಅನ್ನೋಣ, ಚೆನ್ನಾಗಿರೋದನ್ನ ಚೆನ್ನಾಗಿದೆ ಅನ್ನೋಣ. ಟೀವಿ ಚರ್ಚೆಯಲ್ಲಿ ಇದು ಕಷ್ಟ, ಜೀವನದಲ್ಲಿ ಸುಲಭ.

ಆ ಸಿನಿಮಾ ಮುನ್ನೂರು ಕೋಟಿ ದಾಟಿತು. ಅದರ ಶಕ್ತಿ ಎಲ್ಲಿಂದ ಬಂತು? ಅಮೆರಿಕದಿಂದಲ್ಲ. ಕೇರಳದ ಅಜ್ಜಿಯರು ಮಕ್ಕಳಿಗೆ ಹೇಳ್ತಿದ್ದ ಕಳ್ಳಿಯಂಕಾಟ್ಟು ನೀಲಿ ಅನ್ನೋ ಯಕ್ಷಿಯ ಕತೆಯಿಂದ. ಹೆದರಿಸೋಕೆ ಹೇಳ್ತಿದ್ದ ಯಕ್ಷಿಯನ್ನೇ ಕಾಯೋಳನ್ನಾಗಿ ಮಾಡಿದ್ರು. 2024ರ ಸಂಕ್ರಾಂತಿಗೆ ಬಂದ ತೆಲುಗಿನ 'ಹನುಮಾನ್' ನೋಡಿ. ಪ್ರಶಾಂತ್ ವರ್ಮ ನಿರ್ದೇಶನ, ತೇಜ ಸಜ್ಜ ನಾಯಕ. ದೊಡ್ಡ ತಾರೆಯರ ಸಿನಿಮಾಗಳ ಮಧ್ಯೆ ಬಂದ ಸಣ್ಣ ಬಜೆಟ್ಟಿನ ಚಿತ್ರ. ಯಾರೂ ನಿರೀಕ್ಷೆ ಇಟ್ಟಿರಲಿಲ್ಲ, ಜನ ಎತ್ತಿ ಹಿಡಿದ್ರು. ಅದರಲ್ಲಿ ಬರೋ ಹಳ್ಳಿಯ ಹೆಸರೇನು? ಅಂಜನಾದ್ರಿ. ನಿಜವಾದ ಅಂಜನಾದ್ರಿ ಬೆಟ್ಟ ಎಲ್ಲಿದೆ? ಕೊಪ್ಪಳ ಜಿಲ್ಲೆಯಲ್ಲಿ, ಗಂಗಾವತಿ ತಾಲೂಕಿನಲ್ಲಿ. ಹೆಸರು ನಮ್ಮ ಬೆಟ್ಟದ್ದು, ಊರು ನಮ್ಮ ಬೆಂಗಳೂರು, ಸಿನಿಮಾ ಮಾತ್ರ ಅಕ್ಕಪಕ್ಕದವರದ್ದು.

ನಮ್ಮಲ್ಲಿ ಕತೆ ಇಲ್ಲವಾ? ಬೇರೆಲ್ಲೂ ಹೋಗೋದು ಬೇಡ, ಮದಲೂರು ಇರೋ ಅದೇ ಶಿರಾ ತಾಲೂಕಿನಲ್ಲಿ ಕಳುವರಹಳ್ಳಿ ಹತ್ತಿರ ಜುಂಜಪ್ಪನ ಗುಡ್ಡೆ ಇದೆ. ಜುಂಜಪ್ಪ ಕಾಡುಗೊಲ್ಲರ ವೀರ. ರಾಜನ ಮಗ ಅಲ್ಲ, ದನ ಕಾಯೋನು. ಬರದ ಸೀಮೆಯಲ್ಲಿ ಮೇವು ನೀರು ಹುಡುಕಿ ಮಂದೆ ಉಳಿಸೋದೇ ಅವನ ಯುದ್ಧ. ಕೈಯಲ್ಲಿ ಆಯುಧಕ್ಕಿಂತ ಹೆಚ್ಚಾಗಿ ಗಣೆ, ಉದ್ದನೆಯ ಬಿದಿರಿನ ಕೊಳಲು. ಪವಾಡಕ್ಕೆ ಬರ ಇಲ್ಲ. ಕೊನೆಗೆ ಅವನನ್ನ ಹೊರಗಿನ ಶತ್ರು ಕೊಲ್ಲಲ್ಲ, ಸೋದರಮಾವಂದಿರೇ ವಿಷ ಇಕ್ತಾರೆ. ಇವತ್ತಿಗೂ ಕಾಡುಗೊಲ್ಲರು ಗಣೆ ಊದ್ತಾ ಅವನ ಕತೆಯನ್ನ ರಾತ್ರಿಯಿಡೀ ಹಾಡ್ತಾರೆ. ಅವರಿಗೆ ಅವನು ಸಿನಿಮಾ ಪಾತ್ರ ಅಲ್ಲ, ದೇವರು. ಹಾಗಾಗಿ ಮುಟ್ಟೋರು ಕೈ ತೊಳ್ಕೊಂಡು ಮುಟ್ಟಬೇಕು. ಆ ಜನರನ್ನ ಕೇಳಿ, ಅವರ ಜೊತೆ ಕೂತು, ಅವರಿಗೆ ಪಾಲು ಕೊಟ್ಟು ಮಾಡಬೇಕು. ಇಷ್ಟೆಲ್ಲ ಮಾಡಿ ಕತೆ ಹೇಳಿದ್ರೆ ಹೊರಗಿನ ಯಾವ ಹೀರೋಗೂ ಅವನು ಕಮ್ಮಿ ಆಗಲ್ಲ. ಶಕ್ತಿ ಇದೆ, ಆ ಶಕ್ತಿಗೆ ಒಂದು ಊರಿದೆ, ಕಾಪಾಡಬೇಕಾದ ಮಂದೆ ಇದೆ, ಮನೆಯೊಳಗೇ ಹಗೆ ಇದೆ. ಇನ್ನೇನು ಬೇಕು?

ಎಲ್ಲ ಸೂಪರ್‌ಹೀರೋ ಸಿನಿಮಾ ಒಳ್ಳೆಯದು ಅಂತ ನಾನು ಸರ್ಟಿಫಿಕೇಟ್ ಕೊಡ್ತಿಲ್ಲ. ನನ್ನ ಮೂರು ತಕರಾರಿಗೂ ಸರಿಯಾಗಿ ಹೊಂದೋ ಸಿನಿಮಾಗಳು ವರ್ಷಕ್ಕೆ ಹತ್ತು ಬರ್ತವೆ, ಬರಲಿ. ಆದ್ರೆ ಹೆಸರು ನೋಡಿ ದೂರ ತಳ್ಳೋಕೆ ಮುಂಚೆ ಮೂರು ಪ್ರಶ್ನೆ ಕೇಳಿ. ಈ ಶಕ್ತಿವಂತನಿಗೆ ತನ್ನದು ಅಂತ ಒಂದು ಊರು ಇದೆಯಾ? ಅವನ ಶಕ್ತಿ ಸಾಲದೇ ಹೋಗೋ ಒಂದು ಗಳಿಗೆ ಇದೆಯಾ? ಎದುರಾಳಿಯನ್ನ ಒಂದು ಹೊತ್ತು ಊಟಕ್ಕೆ ಕರೀಬೇಕಿತ್ತು ಅಂತ ನಮ್ಮ ಅಮ್ಮಂದಿರಿಗೆ ಅನಿಸುತ್ತಾ? ಇದ್ದರೆ ಕೂತು ನೋಡಿ.

ಹಾಗೇ ನೋಡೋವಾಗ ಇನ್ನೊಂದು ಕೆಲಸ. ಓಟಿಟಿಯಲ್ಲಿ ಭಾಷೆ ಆರಿಸೋ ಗುಂಡಿ ಇರುತ್ತೆ, ಕನ್ನಡ ಇದ್ದರೆ ಅದನ್ನ ಒತ್ತಿ. ಥಿಯೇಟರ್‌ನಲ್ಲಿ ಕನ್ನಡದ ಶೋ ಇದೆಯಾ ಅಂತ ಕೌಂಟರ್‌ನಲ್ಲಿ ಬಾಯಿಬಿಟ್ಟು ಕೇಳಿ. ಎಷ್ಟು ಜನ ಕನ್ನಡದಲ್ಲಿ ನೋಡಿದ್ರು ಅನ್ನೋದು ಕಂಪನಿಗಳ ಲೆಕ್ಕಕ್ಕೆ ಸಿಗುತ್ತೆ. ಆ ಲೆಕ್ಕ ನೋಡಿಯೇ ಮುಂದಿನ ಸಿನಿಮಾ ಕನ್ನಡಕ್ಕೆ ಬರುತ್ತೋ ಇಲ್ಲವೋ ತೀರ್ಮಾನ ಆಗೋದು. ಡಬ್ಬಿಂಗ್ ವಿರೋಧಿಸೋ ಸ್ನೇಹಿತರಿಗೂ ಒಂದು ಮಾತು. ನಿಮ್ಮ ಭಯಕ್ಕೆ ಉತ್ತರ ಗೋಡೆಯಲ್ಲಿಲ್ಲ, ಜುಂಜಪ್ಪನ ಗುಡ್ಡೆಯಲ್ಲಿದೆ.

ಕೆರೆಗೆ ನೀರು ತರೋ ಸೂಪರ್‌ಹೀರೋ ಬಗ್ಗೆ ಚುನಾವಣೆ ಹೊತ್ತಿಗೆ ಮಾತಾಡೋಣ. ಅಲ್ಲಿವರೆಗೆ ನಮ್ಮ ಮಕ್ಕಳು ಕಟ್ಟೆಯಿಂದ ಹಾರುವಾಗ ಯಾವ ಭಾಷೆಯಲ್ಲಿ ಕೂಗ್ತಾರೆ ಅಂತ ಸ್ವಲ್ಪ ಕಿವಿಗೊಟ್ಟು ಕೇಳಿ.